ಪಾನೀ ಹೋನಾ, ನೀರ್ ಬೇಕ್ರಿ

ಬೆಳಗಿನ ಒಂಬತ್ತೂವರೆ. ಕಲಬುರಗಿಯ ಮೋಮಿನಪುರದ ಒಂದು ಗಲ್ಲಿಯ ಬಾಡಿಗೆ ಖೋಲಿಯಲ್ಲಿ ಹದಿನಾಲ್ಕು ಮಕ್ಕಳು ಕೌದಿಯ ಮೇಲೆ ಕುಂತಿದ್ದರು. ಕೌದಿಯ ಕೆಳಗೆ ತಣ್ಣನೆಯ ಶಹಾಬಾದ್ ಪರಸಿ. ಮೂರೂವರೆ ವರ್ಷದ ಹುಡುಗಿಯೊಬ್ಬಳು ಎದ್ದು ಬಂದು ಟೀಚರ್ ಸೀರೆಯ ಸೆರಗು ಜಗ್ಗಿ, "ಪಾನೀ ಹೋನಾ" ಎಂದಳು.

ಟೀಚರ್ ಕೆಲಸ ಬಿಟ್ಟು ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಂತರು. "ಪಾನೀ ಹೋನಾ? ನೀರ್ ಬೇಕಾ? ತಗೋ ನನ್ನವ್ವಾ, ನೀರು" ಎಂದು ಲೋಟ ಕೊಟ್ಟರು. ಹುಡುಗಿ ಕುಡಿದು ಹೋಗಿ ಕುಂತಳು. ಕನ್ನಡದಲ್ಲಿ ಕೇಳು ಅಂತ ಯಾರೂ ಹೇಳಲಿಲ್ಲ. ಮಗು ತಂದ ಮಾತು ಮೊದಲು, ಅದರ ಬೆನ್ನಿಗೆ ಕನ್ನಡದ ಮಾತು, ಅದರ ಬೆನ್ನಿಗೆ ನೀರು. ಇಷ್ಟೇ ನಡೆದದ್ದು. ಆ ಬೆಳಗ್ಗೆ ನಾನು ಅಲ್ಲಿದ್ದ ಮೂರು ತಾಸಿನಲ್ಲಿ ಇದೇ ಕ್ರಮ ಹತ್ತಾರು ಬಾರಿ ನಡೆಯಿತು: ಚಪ್ಪಲಿಗೆ, ಮೊಟ್ಟೆಗೆ, ಅಮ್ಮಿ ಬೇಕು ಅನ್ನುವ ಅಳುವಿಗೆ.

"ಹದಿನೈದು ದಿನ ಕಳೀಲಿ ನೋಡ್ರಿ, 'ನೀರ್ ಹೋನಾ' ಅಂತಾಳ. ಅರ್ಧ ನಮ್ದು, ಅರ್ಧ ಅವರ ಮನೀದು. ಅದನ್ನ ಕೇಳಿದ್ರ ನನಗ ಹಬ್ಬ" ಎಂದರು ಟೀಚರ್. ಅವರ ಮನೆಮಾತು ಕನ್ನಡ. ದಖ್ಖನಿಯನ್ನು ಕಲಿತದ್ದು ಇದೇ ಓಣಿಗಳಲ್ಲಿ ಆಡಿ ಬೆಳೆದು. ಹೆಸರು ಬರೀಬ್ಯಾಡ್ರಿ ಅಂದದ್ದರಿಂದ ಬರೆದಿಲ್ಲ. ಸಹಾಯಕಿಗೆ ಟೀಚರ್ 'ಆಪಾ' ಅನ್ನುತ್ತಾರೆ, ಮಕ್ಕಳು 'ಖಾಲಾ' ಅನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ಟೀಚರ್ ಅನ್ನುವ ಪದವಿಲ್ಲ, ಅಲ್ಲಿರುವುದು 'ಅಂಗನವಾಡಿ ಕಾರ್ಯಕರ್ತೆ'. ಓಣಿಯ ಬಾಯಲ್ಲಿ ಮಾತ್ರ ಮೊದಲಿನಿಂದಲೂ ಅವರು ಟೀಚರೇ. ಓಣಿಯ ಮಾತೇ ಸರಿ ಎಂದು ನನಗನ್ನಿಸಿದೆ. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಈ ಬರಹ.

ಮೋಮಿನ್ ಅಂದರೆ ವಿಶ್ವಾಸಿ. ದಖ್ಖನ್ನಿನ ಹಲವು ಊರುಗಳಲ್ಲಿ ಮುಸ್ಲಿಂ ನೇಕಾರರಿಗೂ ಇದೇ ಹೆಸರು. ಇಲ್ಲಿನ ಮನೆಗಳಲ್ಲಿ ಆಡುವುದು ದಖ್ಖನಿ ಉರ್ದು. ದಿಲ್ಲಿ, ಲಖನೌಗಳ ಉರ್ದುವಿನಿಂದ ಇದು ದೂರ ಸರಿದು ಕನ್ನಡ, ತೆಲುಗು, ಮರಾಠಿಗಳ ಪಕ್ಕ ಬಂದು ಕುಂತ ಮಾತು. ದಿಲ್ಲಿಯವರು 'ಉಸ್‌ನೇ ಕಹಾ ಕಿ' ಎಂದು ಶುರು ಮಾಡಿ, ಹೇಳಿದ್ದೇನು ಅನ್ನುವುದನ್ನು ಆಮೇಲೆ ಜೋಡಿಸುತ್ತಾರೆ. ಕನ್ನಡದ ಹುಡುಗ 'ಬರ್ತೀನಂತ ಹೇಳ್ದ' ಅನ್ನುತ್ತಾನೆ. ಮೋಮಿನಪುರದ ಹುಡುಗ 'ಆತೂಂ ಬೋಲ್ಕೆ ಬೋಲ್ಯಾ' ಅನ್ನುತ್ತಾನೆ. 'ಅಂತ' ಇರುವ ಕಡೆ 'ಬೋಲ್ಕೆ', 'ಹೇಳ್ದ' ಇರುವ ಕಡೆ 'ಬೋಲ್ಯಾ'. ಇಂಥ ವಾಕ್ಯದ ಕಟ್ಟು ದ್ರಾವಿಡ ಭಾಷೆಗಳ ನೆರೆಯಿಂದ ಬಂದದ್ದೆಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಅಂದರೆ ಈ ಮಗು ಅಂಗನವಾಡಿಯ ಹೊಸ್ತಿಲು ತುಳಿಯುವ ಮೊದಲೇ ಕನ್ನಡದ ಅಸ್ತಿವಾರ ಅದರ ನಾಲಿಗೆಯಲ್ಲಿದೆ. ಮೇಲಿನ ಗೋಡೆಗೆ ಬೇರೆ ಕಲ್ಲು ಕೂಡಿಸಬೇಕು, ಅಷ್ಟೇ.

ಟೀಚರ್ ಈ ವ್ಯಾಕರಣವನ್ನು ಪುಸ್ತಕದಲ್ಲಿ ಓದಿದವರಲ್ಲ. ಕಿವಿಯಿಂದ ಬಲ್ಲರು. ಅವರ ಗೋಡೆಯ ಮೇಲೊಂದು ಚಾರ್ಟ್ ಇದೆ. ಕುರ್ಚಿ, ಸಾಬೂನು, ಕಾಗದ, ಚಮಚ, ಗುಲಾಬಿ, ಖಿಡಕಿ, ಹಲ್ವಾ, ದವಾಖಾನಿ... ಎಲ್ಲದಕ್ಕೂ ಚಿತ್ರ ಅಂಟಿಸಿದ್ದಾರೆ. "ಇವು ಎರಡೂ ಮನೀ ಶಬ್ದ" ಅನ್ನುತ್ತಾರೆ. ಹೊಸದಾಗಿ ಸೇರಿದ ಮಗುವಿಗೆ ಮೊದಲ ವಾರ ಪಾಠಕ್ಕೆ ಆ ಶಬ್ದಗಳು ಮಾತ್ರ. ಬೆರಳಿಟ್ಟ ಕಡೆಯೆಲ್ಲ ತನಗೆ ಗೊತ್ತಿರುವ ಮಾತೇ ಬರುವುದರಿಂದ ಮಗುವಿಗೆ ಖೋಲಿ ಪರಕೀಯ ಅನ್ನಿಸುವುದಿಲ್ಲ. ಎರಡನೆಯ ವಾರ ನೀರು, ಅನ್ನ, ಬೆಕ್ಕು.

ಎರಡು ಭಾಷೆಗಳ ನಡುವೆ ಬಿದ್ದ ಮಗು ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅದು ಕೇಳುತ್ತಿದೆ, ಕೂಡಿಡುತ್ತಿದೆ. ಇದನ್ನರಿಯದ ದೊಡ್ಡವರು 'ಮಂದ ಐತಿ' ಅಂದುಬಿಡುತ್ತಾರೆ. ಆ ಒಂದು ಮಾತು ಮಗುವಿನ ಬೆನ್ನು ಹತ್ತಿ ಶಾಲೆಯ ತನಕ ಹೋಗುತ್ತದೆ. "ಒಂದು ಹುಡುಗ ಮೂರು ತಿಂಗಳು ಒಂದ ಮಾತಾಡಿಲ್ರಿ. ಒಂದಿನ ಕೈ ತೊಳಸಾಕತ್ತಿದ್ದೆ, ಹಾಡು ಪೂರ್ತಿ ಹೇಳಿಬಿಡ್ತು. ಖಾಲಾನೂ ಅತ್ಲು, ನಾನೂ ಅತ್ತೆ" ಎಂದು ಟೀಚರ್ ನೆನೆದರು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆ ಮನೆಮಾತಿನಿಂದ ಶುರುವಾಗಬೇಕು ಎನ್ನುತ್ತದೆ. ಬಹುಭಾಷೆಯ ಓಣಿಗಳ ಅಂಗನವಾಡಿಗಳಲ್ಲಿ ಒಳ್ಳೆಯ ಟೀಚರುಗಳು ಯಾವ ಆದೇಶಕ್ಕೂ ಕಾಯದೆ ಮಾಡಿಕೊಂಡು ಬಂದದ್ದೂ ಇದನ್ನೇ.

ಇಲ್ಲಿ ಹಳೆಯ ಮಾತೊಂದನ್ನು ನೆನೆಯಬೇಕು. 1948ರ ಸೆಪ್ಟೆಂಬರ್ ತನಕ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಸರ್ಕಾರಿ ಶಿಕ್ಷಣದಲ್ಲೂ ಅದರದೇ ಮೇಲುಗೈ. 1907ರಲ್ಲಿ ಶುರುವಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು ನಾಡಿನ ಮಕ್ಕಳಿಗೆ ಬೇರೊಂದು ದಾರಿ ಹುಡುಕಿದವು. ಈ ಸೀಮೆಯ ಎಷ್ಟೋ ಕನ್ನಡ ಮನೆಗಳ ಅಜ್ಜಂದಿರು ಲೆಕ್ಕ, ಭೂಗೋಳಗಳನ್ನೆಲ್ಲ ಉರ್ದುವಿನಲ್ಲಿ ಕಲಿತವರು. ಮನೆಯಲ್ಲಿ ಒಂದು, ಮಾಸ್ತರರ ಮುಂದೆ ಇನ್ನೊಂದು ಅನ್ನುವ ತಬ್ಬಿಬ್ಬು ಅವರಿಗೆ ಗೊತ್ತಿತ್ತು. ಈಗ ಅದೇ ತಬ್ಬಿಬ್ಬು ಉರ್ದು ಮನೆಯ ಮೊಮ್ಮಕ್ಕಳದು. ಕಲಬುರಗಿಯವರಾದ ನಮಗೆ ಈ ಮಕ್ಕಳ ಕಷ್ಟ ಬೇರೆಯವರ ಕಷ್ಟವಾಗಿ ಕಾಣಬಾರದು.

ಹನ್ನೊಂದಕ್ಕೆ ಆಟ. ಇಬ್ಬಿಬ್ಬರು ಮಕ್ಕಳು ಎದುರುಬದುರು ಕಾಲು ಚಾಚಿ, ಕೈ ಕೈ ಹಿಡಿದು, ಮೈಯನ್ನು ದುಂಡಗೆ ತಿರುಗಿಸತೊಡಗಿದರು. ಬೀಸುವ ಕಲ್ಲಿನಾಟ. ಟೀಚರ್ ಕನ್ನಡದಲ್ಲೊಂದು ಸಾಲು ಹಾಡಿದರೆ ಖಾಲಾ ಅದೇ ಮಟ್ಟಿನಲ್ಲಿ ದಖ್ಖನಿಯದೊಂದು ಸಾಲು ಎತ್ತುವರು. ಜೋಳ ಹಾಕಿದ್ದು ಯಾರು, ಹಿಟ್ಟು ಯಾರಿಗೆ, ರೊಟ್ಟಿ ಎಷ್ಟು ಎಂಬ ಸವಾಲು–ಜವಾಬು. ಹಾಡು ಅವರಿಬ್ಬರೇ ಕಟ್ಟಿದ್ದು.

ನನ್ನ ಮೈ ಜುಮ್ಮೆಂದಿತು. ಕನ್ನಡದ ಹೆಣ್ಣುಮಕ್ಕಳಿಗೆ ಬೀಸುವ ಪದಗಳಿದ್ದಂತೆ ದಖ್ಖನಿಯ ಹೆಣ್ಣುಮಕ್ಕಳಿಗೆ ಚಕ್ಕಿನಾಮಾಗಳಿದ್ದವು. ರಾಟೆಯ ಮುಂದೆ ಹಾಡಲು ಚರ್ಖಾನಾಮಾ, ತೊಟ್ಟಿಲ ಮುಂದೆ ಲೋರಿನಾಮಾ. ಸೂಫಿಗಳ ವಿಚಾರ ದಖ್ಖನ್ನಿನ ಬಡವರ ಮನೆ ಹೊಕ್ಕದ್ದು ದೊಡ್ಡ ಗ್ರಂಥಗಳಿಂದಲ್ಲ, ಹೆಂಗಸರು ಕಲ್ಲು ತಿರುಗಿಸುತ್ತ ಹಾಡಿದ ಇಂಥ ಪದಗಳಿಂದ ಎಂದು ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ 1978ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. 1422ರಲ್ಲಿ ತೀರಿಕೊಂಡು ಇದೇ ಊರಿನಲ್ಲಿ ಮಲಗಿರುವ ಖ್ವಾಜಾ ಬಂದೇ ನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಪ್ರಚಾರದಲ್ಲಿದೆ. ಎರಡೂ ಭಾಷೆಗೆ ಲಯ ಕೊಟ್ಟದ್ದು ಕಲ್ಲು. ಗಿರಣಿ ಬಂದಮೇಲೆ ಕಲ್ಲು ಮೂಲೆ ಸೇರಿತು, ಪದಗಳೂ ಸೇರಿದವು. ಹದಿನಾಲ್ಕು ಪುಟ್ಟ ಮೈಗಳಲ್ಲಿ ಆ ಸುತ್ತು ಮತ್ತೆ ತಿರುಗುತ್ತಿತ್ತು. ಟೀಚರಿಗೆ ಈ ಚರಿತ್ರೆ ಹೇಳಿದೆ. "ಹೌದೇನ್ರಿ? ನಮ್ಮ ಆಯಿ ಬೀಸೂವಾಗ ಹಾಡೂದು ಕೇಳಿದ್ದೆ, ಅಷ್ಟ" ಅಂದರು.

ರಾಜ್ಯದ ಅಂಗನವಾಡಿಗಳಿಗೆ 'ಚಿಲಿಪಿಲಿ' ಎಂಬ ಚಟುವಟಿಕೆ ಪಠ್ಯ ಇದೆ. ಅದು ದಾರಿ ತೋರಿಸುತ್ತದೆ, ಸಾಮಾನು ಹೊಂದಿಸಿಕೊಳ್ಳುವುದು ಟೀಚರ್ ಪಾಲಿಗೆ. ಇವರ ಕಪಾಟಿನಲ್ಲಿದ್ದುದರಲ್ಲಿ ನನಗೆ ಬಹಳ ಹಿಡಿಸಿದ್ದು ಮದುವೆ ಕಾರ್ಡುಗಳು. ದಪ್ಪ ಹಾಳೆ, ಬಂಗಾರ ಬಣ್ಣದ ಅಂಚು, ಉಬ್ಬಿದ ಗುಲಾಬಿ. ಓಣಿಯಲ್ಲಿ ಮದುವೆ ಮುಗಿದ ಮೇಲೆ ಮನೆ ಮನೆಯಿಂದ ಅವು ಬರುತ್ತವೆ. ಟೀಚರ್ ಅವನ್ನು ಆಕಾರಗಳಾಗಿ ಕತ್ತರಿಸುತ್ತಾರೆ: ಚಂದ್ರ, ಎಲೆ, ಮೀನು, ತ್ರಿಕೋನ. ಒಂದೇ ಥರದ ಎರಡೆರಡು. ಮಗು ಜೋಡಿ ಹುಡುಕಬೇಕು. ಮೀನಿನ ಬೆನ್ನಿನ ಮೇಲೆ ಅರ್ಧ ಉರ್ದು ಹೆಸರು, ಎಲೆಯ ಮೇಲೆ ಕನ್ನಡದ 'ಆಗಮನಾಭಿಲಾಷಿಗಳು' ಪದದ ಬಾಲ.

ಅದರ ಪಕ್ಕ ಹುಣಸೆಬೀಜದ ಡಬ್ಬಿ, ಸೋಡಾ ಬಾಟಲಿಯ ಮುಚ್ಚಳಗಳು, ಬೆಂಕಿಪೆಟ್ಟಿಗೆಯ ರೈಲು. ತೊಗರಿಯ ಸೀಮೆಯಾದರೂ ತೊಗರಿ ಕಾಳು ಮಕ್ಕಳ ಕೈಗಿಲ್ಲ, ಮೂಗಿಗೆ ತುರುಕಿಕೊಳ್ಳುತ್ತಾರೆ. ಮೂರು ತುಂಬದವರಿಗೆ ಹುಣಸೆಬೀಜವೂ ಇಲ್ಲ. ದೊಡ್ಡವರಿಗೆ ಎಣಿಸಿ ಕೊಟ್ಟು, ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ. ಆ ಕೊಡುಕೊಳ್ಳುವಿಕೆಯಲ್ಲಿ ಒಂದು, ಎರಡು, ಮೂರು ತಾವಾಗಿ ಬಂದು ಹೋಗುತ್ತವೆ.

ತಾಯಂದಿರಿಗೆ ಇದು ಕಲಿಕೆಯಾಗಿ ಕಾಣುವುದಿಲ್ಲ. ಮಗನನ್ನು ಬಿಡಲು ಬಂದ ತಾಯಿಯೊಬ್ಬಳು ಬುರ್ಖಾದ ಮುಸುಕು ಸರಿಸಿ, "ಟೀಚರ್, ನಮ್ ಪೋರಗ ಎಬಿಸಿಡಿ ಯಾಕ ಬರಸಂಗಿಲ್ರಿ? ಬಾಜೂ ಮನೀ ಹುಡುಗ ಬರೀತಾನ" ಎಂದು ಕೇಳಿದಳು. ಟೀಚರ್ ಅವಳನ್ನು ಕೂರಿಸಿ ಮಗನ ಕೈಗೆ ಹುಣಸೆಬೀಜ ಕೊಟ್ಟರು. ಹೆಬ್ಬೆರಳು, ತೋರುಬೆರಳಿನಲ್ಲಿ ಒಂದೊಂದೇ ಎತ್ತಿ ಡಬ್ಬಿಗೆ ಹಾಕು ಅಂದರು. "ನೋಡವ್ವಾ, ಪೆನ್ಸಿಲ್ ಹಿಡಿಯೂದು ಇದ ಬೆರಳಿನ್ಯಾಗ. ಇದು ಗಟ್ಟಿ ಆಗ್ಲಿ."

ಅವರ ಮಾತಿಗೆ ಶರೀರಶಾಸ್ತ್ರದ ಆಧಾರವಿದೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮೂರು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ಮೆದು, ಎಲುಬಾಗಿರುವುದೇ ಇಲ್ಲ. ಅಂಥ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಸಾಲಿನ ಪಟ್ಟಿಯಲ್ಲಿ ಪುಟಗಟ್ಟಲೆ ಬರೆಸುವುದು ಹಿಂಸೆ. ಹಿಟ್ಟು ನಾದಿ, ಕಾಗದ ಹರಿದು, ಪರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡ ದೊಡ್ಡ ಸುತ್ತು ಎಳೆದು ಕೈ ಪಳಗಬೇಕು. ಇವರ ಖೋಲಿಯಲ್ಲಿ ಇಡೀ ನೆಲವೇ ಪಾಟಿ. ಮಧ್ಯಾಹ್ನ ಖಾಲಾ ಒದ್ದೆ ಅರಿವೆಯಿಂದ ಒರೆಸುವ ತನಕ ಆ ದಿನದ ಮಳೆ, ಹಾವು, ರೈಲುಗಳೆಲ್ಲ ಅಲ್ಲೇ ಇರುತ್ತವೆ.

ಇಷ್ಟೆಲ್ಲ ನಡೆಯುವುದು ಬೇರೆ ಕೆಲಸಗಳ ಸಂದಿಯಲ್ಲಿ. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಕಲಸಬೇಕು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣದ ಬಸುರಿ, ಬಾಣಂತಿಯರ ಊಟ ನೋಡಬೇಕು. ಮೊಟ್ಟೆ ಎಣಿಸಬೇಕು, ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ಅಳೆಯಬೇಕು, ಚುಚ್ಚುಮದ್ದಿನ ದಿನ ಮನೆ ಮನೆ ಕರೆಯಬೇಕು. 2021ರಿಂದ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆ್ಯಪಿಗೆ ತುಂಬಬೇಕು. ಆ ಬೆಳಗ್ಗೆ ಆ್ಯಪ್ ತೆರೆಯಲಿಲ್ಲ. ಟೀಚರ್ ಮೂರು ಸಲ ಬಾಗಿಲಾಚೆ ಹೋಗಿ ಫೋನನ್ನು ಆಕಾಶಕ್ಕೆ ಹಿಡಿದರು. ಆ ಮೂರೂ ಸಲ ಕತೆ ಅರ್ಧಕ್ಕೆ ನಿಂತಿತು. ಕತೆ ನಿಂತಾಗ ಮಕ್ಕಳ ಮುಖ ಹೇಗಾಗುತ್ತದೆ ಅನ್ನುವುದನ್ನು ಆ್ಯಪ್ ಮಾಡಿದವರು ಒಮ್ಮೆ ಬಂದು ನೋಡಬೇಕು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವು ಆದದ್ದು ಕಲಬುರಗಿಯವರದು. ಮುಂದಿನ ವಾರಗಳಲ್ಲಿ ಮೋಮಿನಪುರದ ಗಲ್ಲಿಗಳಿಗೂ ಅಡ್ಡಗಂಬ ಬಿದ್ದವು. ಅಂಗನವಾಡಿಗಳು ಮುಚ್ಚಿದವು, ಟೀಚರುಗಳ ಕೆಲಸ ಮುಚ್ಚಲಿಲ್ಲ. ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆ ಸಮೀಕ್ಷೆ, ರೇಷನ್ ಹಂಚಿಕೆ. ಆಗಲೂ ಬಾಗಿಲು ತೆರೆಸಿದ್ದು ಇವರ ಭಾಷೆಯೇ. ಮಗುವಿನ ಹೆಸರು ಹಿಡಿದು ದಖ್ಖನಿಯಲ್ಲಿ ಕೂಗಿದರೆ ಒಳಗಿಂದ ಚಿಲಕ ಸರಿಯುತ್ತಿತ್ತು.

ಅಂಗನವಾಡಿ ಎಂಬ ವಿಚಾರಕ್ಕೆ ಬೇರು ಕೊಟ್ಟವರು ಶಿಕ್ಷಕಿಯರೇ. ತಾರಾಬಾಯಿ ಮೋಡಕ್ ಗಿಜುಭಾಯಿ ಬಧೇಕಾ ಅವರೊಡನೆ ಭಾವನಗರದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದವರು. 1945ರಲ್ಲಿ ಮುಂಬಯಿಯ ಉತ್ತರದ ಕರಾವಳಿಯ ಬೋರ್ಡಿ ಎಂಬ ಊರಿಗೆ ಹೋದರು. ಅಲ್ಲಿನ ಬಡ, ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಅವರು ಮತ್ತು ಅನುತಾಯಿ ವಾಘ್ ಬಾಲವಾಡಿಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಕಾಯಿ, ಕಲ್ಲು, ಎಲೆ, ಶಂಖಗಳೇ ಅವರ ಪಾಠೋಪಕರಣ. ಮುಂದೆ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಯೋಜನೆ ಬೆಳೆದಂತೆ ಊಟ, ತೂಕ, ಲಸಿಕೆಗಳು ಲೆಕ್ಕಕ್ಕೆ ಸಿಕ್ಕವು. ಹಾಡು, ಕತೆ, ಆಟ ಲೆಕ್ಕದ ಹೊರಗುಳಿದವು. ತಾರಾಬಾಯಿಯವರಿಗೆ ಮೊದಲಾಗಿದ್ದದ್ದು ಇಲ್ಲಿ ಕೊನೆಗೆ ಬಿತ್ತು.

2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ನಡೆಯುವ ಶಾಲಾಪೂರ್ವ ಚಟುವಟಿಕೆ ಶುದ್ಧ ಶೈಕ್ಷಣಿಕ ಕೆಲಸ ಎಂಬ ಮಾತು ಅದರಲ್ಲಿದೆ. ಮೋಮಿನಪುರದ ಓಣಿ ಮೊದಲೇ ಹೇಳಿದ್ದನ್ನು ನ್ಯಾಯಾಲಯವೂ ಹೇಳಿದಂತಾಯಿತು. ಆದರೂ ತಿಂಗಳ ಕೊನೆಗೆ ಬರುವುದಕ್ಕೆ ಈಗಲೂ 'ಗೌರವಧನ' ಅಂತಲೇ ಹೆಸರು, ಪಗಾರ ಅಲ್ಲ. ಕಾರ್ಯಕರ್ತೆಗೆ ಕೇಂದ್ರ 2018ರ ಅಕ್ಟೋಬರ್‌ನಿಂದ ನಿಗದಿ ಮಾಡಿದ್ದು 4,500 ರೂಪಾಯಿ. ರಾಜ್ಯ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಸರ್ಕಾರ ಹೊರಟಾಗ ಅಂಗನವಾಡಿಯ ಹೆಣ್ಣುಮಕ್ಕಳು ಬೀದಿಗಿಳಿದರು. ಮಕ್ಕಳು ಆ ಕಡೆ ಹೋದರೆ ತಮ್ಮ ಕೈಯಲ್ಲಿ ಉಳಿಯುವುದು ಬರಿ ಊಟ ಬಡಿಸುವ ಕೆಲಸ ಎಂಬ ಅಂಜಿಕೆ ಅವರದು. ಆ ಅಂಜಿಕೆ ನನಗೆ ನ್ಯಾಯವಾಗಿ ಕಂಡಿದೆ.

ಮಾರನೆಯ ದಿನ ಕಮಲಾಪುರದ ಕಡೆ ಹೋದೆ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಕರಿ ಬಯಲು ಮುಗಿದು ಕೆಂಪು ದಿಬ್ಬಗಳು ಏಳುತ್ತವೆ. ಈಚೆಗೆ ತಾಲ್ಲೂಕಾದ ಊರು. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯ ಸೀಮೆ. ಅಲ್ಲಿನ ಒಂದು ತಾಂಡಾದ ಅಂಗನವಾಡಿಯಲ್ಲಿ ಮನೆಮಾತು ಲಂಬಾಣಿ. ಅವ್ವ ಅಂದರೆ ಯಾಡಿ, ರೊಟ್ಟಿ ಅಂದರೆ ಬಾಟಿ, ನೀರು ಅಂದರೆ ಪಾಣಿ. ಅಲ್ಲಿನ ಟೀಚರ್ ಬಣ್ಣ ಕಲಿಸುತ್ತಿದ್ದದ್ದು ಬಾಳೆಯಿಂದ. ಹಸಿರು ಬಾಳೆ, ಹಳದಿ ಬಾಳೆ, ಕಮಲಾಪುರದ ಕೆಂಪು ಬಾಳೆ ಮೂರನ್ನೂ ಮುಂದಿಟ್ಟು ಹೆಸರು ಹೇಳಿಸಿ, ಕೊನೆಗೆ ಸುಲಿದು ಹಂಚಿದರು. ಸಿಪ್ಪೆಯ ಬಣ್ಣ ಬೇರೆ ಬೇರೆಯಾದರೂ ಒಳಗೆ ಮೂರೂ ಹೆಚ್ಚುಕಡಿಮೆ ಒಂದೇ ಎಂದು ಕಂಡ ಹುಡುಗನೊಬ್ಬ ಗಲಿಬಿಲಿಗೊಂಡು ಸಿಪ್ಪೆಯನ್ನೂ ಹಣ್ಣನ್ನೂ ತಿರುತಿರುಗಿ ನೋಡುತ್ತಿದ್ದ.

ತಾಂಡಾದ ಟೀಚರಿಗೆ ಇನ್ನೊಂದು ಚಿಂತೆ. ಹಿಂಗಾರಿಗೆ ಅರ್ಧ ತಾಂಡಾ ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುತ್ತದೆ. ಮಕ್ಕಳೂ ಹೋಗುತ್ತವೆ. ಯುಗಾದಿಯ ಹೊತ್ತಿಗೆ ಬಂದಾಗ ಕನ್ನಡದ ಮಾತುಗಳಲ್ಲಿ ಅರ್ಧ ಉದುರಿ, ಎರಡು ಮರಾಠಿ ಹಾಡು ಸೇರಿಕೊಂಡಿರುತ್ತವೆ. "ಬಂದಿದ್ದನ್ನ ಯಾಕ ಬಿಡೂದ್ರಿ, ಆ ಹಾಡೂ ಹಾಡಸ್ತೀನಿ" ಅಂದರು.

ಈ ಟೀಚರುಗಳು ಬರೆಯುತ್ತಾರೆ ಕೂಡ. ಮೋಮಿನಪುರದವರ ಹತ್ತಿರ ಹಳೆಯ ಹಾಜರಿ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದ ನಲವತ್ತಕ್ಕೂ ಮಿಕ್ಕಿ ಹಾಡುಗಳಿವೆ. ರಾತ್ರಿ ಪಾತ್ರೆ ತೊಳೆದ ಮೇಲೆ ಬರೆದವು. ಕಟ್ಟಿ, ಮರುದಿನ ಮಕ್ಕಳ ಮುಂದೆ ಹಾಡಿ, ಎಲ್ಲಿ ಮಕ್ಕಳ ನಾಲಿಗೆ ತೊಡರಿತೋ ಅಲ್ಲಿ ಶಬ್ದ ಹೊಡೆದು ಹಾಕಿದ್ದಾರೆ. ಒಂದೊಂದು ಹಾಡಿನ ಮೇಲೂ ಅಂಥ ನಾಲ್ಕೈದು ಗೀಟು. ಇಷ್ಟು ಕಟ್ಟುನಿಟ್ಟಿನ ಓದುಗರು ಯಾವ ಕವಿಗಿದ್ದಾರೆ? ಈ ಸೀಮೆಯಲ್ಲಿ ಮೇಷ್ಟರು ಮಕ್ಕಳಿಗಾಗಿ ಬರೆಯುವುದು ಹೊಸದೇನಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರದ ಚಂದ್ರಕಾಂತ ಕರದಳ್ಳಿ ಶಿಕ್ಷಕರಾಗಿದ್ದುಕೊಂಡೇ ಮಕ್ಕಳಿಗೆ ಬರೆದರು. ಅವರ 'ಕಾಡು ಕನಸಿನ ಬೀದಿಗೆ' 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. ಈ ಹೆಣ್ಣುಮಕ್ಕಳ ಹಾಡುಗಳನ್ನು ಮಾತ್ರ ಯಾರೂ ಕೇಳಿ ತೆಗೆದುಕೊಂಡಿಲ್ಲ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳಿವೆ, ಕನ್ನಡ ವಿಭಾಗ, ಉರ್ದು ವಿಭಾಗಗಳಿವೆ. ಒಂದು ಬೇಸಿಗೆ ಅವರೆಲ್ಲ ಸೇರಿ ಈ ಹಾಳೆಗಳನ್ನು ಒಟ್ಟು ಮಾಡಿದರೆ ದೊಡ್ಡ ಕೆಲಸವಾಗುತ್ತದೆ.

ಕೌದಿಯ ಮಾತು ಬಾಕಿ ಇದೆ. ಮೋಮಿನಪುರದ ಆ ಖೋಲಿಯ ಕೌದಿಯನ್ನು ಟೀಚರ್ ಮತ್ತು ಖಾಲಾ ಕೂಡಿ ಹೊಲಿದರು. ಪ್ರತಿ ಮಗುವಿನ ಮನೆಯಿಂದ ಹಳೆಯ ಅರಿವೆಯ ಒಂದು ತುಂಡು: ಫ್ರಾಕಿನದು, ಅಜ್ಜನ ಲುಂಗಿಯದು, ದುಪಟ್ಟಾದ್ದು, ಇಳಕಲ್ ಸೀರೆಯ ಅಂಚಿನದು. ಉದ್ದಕ್ಕೂ ಒತ್ತೊತ್ತಾಗಿ ಟಾಕಿ ಹಾಕಿದ್ದಾರೆ. ಕನ್ನಡದ ಕೌದಿಗೆ ದಖ್ಖನಿಯ ಮನೆಗಳಲ್ಲಿ ಗುದಡಿ ಅನ್ನುತ್ತಾರೆ. ಖೋಲಿಯಲ್ಲಿ ಎರಡೂ ಹೆಸರು ನಡೆಯುತ್ತವೆ. ಬೆಳಗ್ಗೆ ಬಂದ ಮಗು ಮೊದಲು ಮಾಡುವುದು ತನ್ನ ತುಂಡು ಹುಡುಕಿ ಅದರ ಮೇಲೆ ಕುಂದ್ರುವುದು. ಬಣ್ಣ, ಆಕಾರ, ಪಕ್ಕ, ಮೇಲೆ, ಕೆಳಗೆ ಎಲ್ಲ ಪಾಠವೂ ಅದರ ಮೇಲೆಯೇ.

ನಾನು ಹೊರಡುವಾಗ ನೀರು ಕೇಳಿದ್ದ ಹುಡುಗಿ ಕೌದಿಯ ಅಂಚಿನಲ್ಲಿದ್ದಳು. ಸೇರಿ ನಾಲ್ಕೇ ದಿನ, ಅವಳ ತುಂಡು ಇನ್ನೂ ಕೂಡಿರಲಿಲ್ಲ. ಫ್ರಾಕಿನ ಜೇಬಿನಿಂದ ಮಡಚಿದ ಹಸಿರು ಬಟ್ಟೆಯ ಚೂರೊಂದನ್ನು ತೆಗೆದು ಟೀಚರ್ ಕೈಗಿಟ್ಟಳು. ಖಾಲಾ ಸೂಜಿಗೆ ದಾರ ಪೋಣಿಸತೊಡಗಿದರು.